ಏಳು ಜನರ ಪಟ್ಟಿ

ನೀಲಾಂಬಿಕಾಳಿಗೆ ಸೋಲುವ ಅವಕಾಶವಿರಲಿಲ್ಲ. ಅವಳಿಗಿಂತ ಮೊದಲು ಈ ಕಬಡ್ಡಿ ತಂಡದ ಕೋಚ್ ಆಗಿದ್ದ ನರಸಿಂಹಯ್ಯ ಸಾಲಾಗಿ ಐದು ಪಂದ್ಯ ಸೋತು, ಬೆನ್ನುನೋವೆಂದು ತಾವಾಗಿಯೇ ರಜೆ ಹಾಕಿ ಹೋಗಿದ್ದರು. ವರ್ಷದಿಂದ ಅದೇ ತಂಡದ ಸಹಾಯಕ ಕೋಚ್ ಆಗಿದ್ದು, ಅವರ ಜಾಗಕ್ಕೆ ಹಂಗಾಮಿಯಾಗಿ ಬಂದ ಅವಳಿಗೆ ಮ್ಯಾನೇಜರ್ ಹರ್ಷವರ್ಧನ್ ಮೊದಲ ದಿನವೇ ಹೇಳಿದ್ದ: "ಒಂದು ಸೋತ್ರೂ ಸಾಕು ಮೇಡಂ, ಹೆಂಗಸು ಕೋಚ್ ಆದ್ರೆ ಇಷ್ಟೇ ಅಂತಾರೆ."

ಎರಡು ಗೆದ್ದಿದ್ದಳು. ಮೂರನೆಯದು ಇಂದು ಸಂಜೆ.

ಬೊಮ್ಮಸಂದ್ರದ ಶೆಡ್ಡಿನಲ್ಲಿ ಬೆಳಗಿನ ಅಭ್ಯಾಸ. ಪಕ್ಕದ ಕಾರ್ಖಾನೆಯ ಸೈರನ್ ಕೂಗಿದರೂ ಅವಳ ಕಿವಿ ಹನುಮೇಶನ ಉಸಿರಿನ ಮೇಲೇ ಇತ್ತು. ತಂಡದ ಮುಖ್ಯ ರೈಡರ್ ಅವನು. ಬಲಕ್ಕೆ ತಿರುಗಿದಾಗಲೆಲ್ಲ ಅವನ 'ಕಬಡ್ಡಿ, ಕಬಡ್ಡಿ' ಅರೆಗಳಿಗೆ ಕುಗ್ಗುತ್ತಿತ್ತು. ಫಿಸಿಯೋಗೆ ಅದು ಕೇಳಿಸಿರಲಿಲ್ಲ. ವರ್ಷದಿಂದ ಆ ಉಸಿರನ್ನು ಗುಟ್ಟಾಗಿ ಪ್ರೀತಿಸುತ್ತ ಬಂದವಳಿಗೆ ಕೇಳಿಸಿತು.

ನೀರು ಕುಡಿಯಲು ಬಂದವನು ಓರೆಗಣ್ಣಲ್ಲಿ ನೋಡಿ ನಕ್ಕ. "ಯಾಕ್ರಿ ಮೇಡಂ, ಬರೇ ಕಾಲ ನೋಡಾಕತ್ತೀರಿ? ಮಾರಿ ಚೊಲೊ ಇಲ್ಲೇನು?"

"ಮೊಣಕಾಲು ಯಾವಾಗಿಂದ ನೋಯಾಕತ್ತೈತಿ?"

ನಗು ನಿಂತಿತು. ಸುತ್ತ ನೋಡಿ ದನಿ ಇಳಿಸಿದ. "ಇಂಜೆಕ್ಷನ್ ತಗೊಂಡು ಆಡ್ತೀನಿ ನೀಲಾ. ಇವತ್ತು ಸೋತ್ರ ನಿನ್ನ ತಗೀತಾರ."

"ಆಡಿದ್ರ ನಿನ್ನ ಕಾಲು ಹೋಗತೈತಿ."

"ಕಾಲು ನಂದು."

"ಪಟ್ಟಿ ನಂದು."

"ಪ್ರೀತಿಗೆ ಬಿದ್ದು ಇವನ ಕಾಲು ಉಳಿಸಿದಳು ಅಂತ ಮಂದಿ ಅಂದ್ರ?" ವರ್ಷದಿಂದ ಇಬ್ಬರೂ ಬಾಯಿಗೆ ತಂದಿರದ ಮಾತು. ಆಡಿದ ಮೇಲೆ ಅವನೇ ಬೆಚ್ಚಿದ.

ಅವಳು ಪೆನ್ನು ಬಿಗಿ ಹಿಡಿದಳು. "ಯಾರ ಮೊಣಕಾಲು ನೋಯ್ತಿದ್ರೂ ಹೊರಗ ಕೂಡಿಸ್ತಿದ್ದೆ. ನಿಂದಂತ ಕೈ ನಡಗಾಕತ್ತಾವು, ಅಷ್ಟ."

ಹನುಮೇಶನ ಹೆಸರು ಹೊಡೆದುಹಾಕಿ ಮೀಸಲು ರೈಡರ್ ಕೊಟ್ರಪ್ಪನ ಹೆಸರು ಬರೆದಳು. ಅಕ್ಷರ ಸೊಟ್ಟಗಾಯಿತು. ಪಟ್ಟಿ ನೋಡಿದ ಹರ್ಷವರ್ಧನ್, "ಯೋಚ್ನೆ ಮಾಡಿದ್ದೀರಾ ಮೇಡಂ?" ಎಂದಷ್ಟೇ ಕೇಳಿದ.

ಸಂಜೆ ಕೊಟ್ರಪ್ಪ ಚೆನ್ನಾಗಿಯೇ ಆಡಿದ. ಕೊನೆಯ ರೈಡಿನಲ್ಲಿ ಸಿಕ್ಕಿಬಿದ್ದ; ತಂಡ ಎರಡು ಪಾಯಿಂಟಿನಿಂದ ಸೋತಿತು. ಹತ್ತೇ ನಿಮಿಷಕ್ಕೆ ಹರ್ಷವರ್ಧನ್ ಬಂದ. "ನಾಳೆಯಿಂದ ನರಸಿಂಹಯ್ಯ ಸಾರ್ ಬರ್ತಾರೆ."

ಹನುಮೇಶ ಕುಂಟುತ್ತ ಬಂದು, ಎಲ್ಲರ ಎದುರಿಗೇ ಅವಳ ಪಕ್ಕ ಕೂತು ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಮುಂದ?" ಎಂದ.

"ಮೊದಲು ದವಾಖಾನಿಗೆ ನಡಿ."

ಹೋದದ್ದು ಎರಡು ಪಾಯಿಂಟು, ಮತ್ತು ಹತ್ತು ತಂಡಗಳ ಆ ಲೀಗಿನಲ್ಲಿದ್ದ ಒಬ್ಬಳೇ ಮಹಿಳಾ ಕೋಚ್.