ಮನೀಗೆ ಒಂದು ಯುನಿಟ್

"ಯಾರಿಗ್ರೀ ಈ ಸಿರಿಂಜು?"

ಸಪನಾಳ ದನಿ ಎಷ್ಟು ಚೂಪಾಗಿತ್ತೆಂದರೆ, ಔಷಧದಂಗಡಿಯ ಕೌಂಟರಿನ ಆಚೆ ನಿಂತಿದ್ದ ಯುವಕ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಮನೀಗ್ರಿ."

"ಮನ್ಯಾಗ ಯಾರಿಗೆ?"

"ಮನೀಗೇ ರೀ..."

ಅಷ್ಟೇ! ಇನ್ನೇನು ಹೇಳುವುದಿದೆ ಎನ್ನುವಂತೆ ನಿಂತ.

ಸಪನಾ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಕಣ್ಣು ಕೆಂಪು. ಬೆರಳ ತುಂಬ ಎಣ್ಣೆಯ ಕರೆ. ಕೂದಲಲ್ಲಿ ಹತ್ತಿಯ ಧೂಳು. ಇಚಲಕರಂಜಿಯಲ್ಲಿ ಹುಟ್ಟಿ ಬೆಳೆದವಳಿಗೆ ಹತ್ತಿಯ ಧೂಳೇನೂ ಹೊಸದಲ್ಲ. ಅವಳ ಅಪ್ಪ ಭರಮಪ್ಪನೂ ರಾಯಬಾಗದಿಂದ ಮಾಗ, ಅಂದರೆ ಮಗ್ಗ, ನಡೆಸಲು ಬಂದವನೇ. ಆದರೆ ಈ ಕೆಂಪು ಕಣ್ಣು...

'ನಶೆ ಮಾಡೂ ಪೈಕಿ ಇರಬೇಕು!' ಅಂದುಕೊಂಡಳು.

"ಎಷ್ಟು ಯುನಿಟ್ ಇನ್ಸುಲಿನ್ ತಗೋತಾರ?"

"ಒಂದ."

ಒಂದೇ ಯುನಿಟ್! ಹತ್ತು, ಹದಿನೆಂಟು, ಇಪ್ಪತ್ತು ಎಂದು ಹೇಳುವವರನ್ನು ದಿನವೂ ನೋಡುತ್ತಿದ್ದ ಸಪನಾಳಿಗೆ ಸುಳ್ಳು ಹಿಡಿಯಲು ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

"ಡಾಕ್ಟರ್ ಚೀಟಿ ತೋರಸ್ರಿ."

ಅವನು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ತೋರಿಸಿದ. ಕೊಲ್ಲಾಪುರದ ಚೀಟಿ. ಔಷಧಿಯ ಹೆಸರು ಸರಿಯಿತ್ತು. ದಿನಕ್ಕೆರಡು ಸಲ ಒಂದು ಯುನಿಟ್ ಎಂದೂ ಇತ್ತು. ಆದರೆ ಆಸ್ಪತ್ರೆಯ ಹೆಸರು, ರೋಗಿಯ ಹೆಸರು ಇರಬೇಕಾದ ಮೇಲ್ಭಾಗದ ಮೇಲೆ ಅವನ ಹೆಬ್ಬೆರಳು ಒತ್ತಿ ಕುಳಿತಿತ್ತು.

"ಬೆರಳು ತಗೀರಿ."

"ಔಷಧ ಅಲ್ಲೇ ತಂದೇನ್ರಿ. ಸಿರಿಂಜು ಅಷ್ಟ ಬೇಕಾಗಿತ್ತು. ಕೇಸರಿ ಟೋಪೀದು."

ಬೆರಳು ಮಾತ್ರ ತೆಗೆಯಲಿಲ್ಲ!

ಇನ್ಸುಲಿನ್ ಸಿರಿಂಜಿನಲ್ಲಿ ಎರಡು ಬಗೆ. ಕೆಂಪು ಟೋಪಿಯದು ಒಂದು ಮಿಲಿಲೀಟರಿಗೆ ನಲವತ್ತು ಯುನಿಟ್ ಇರುವ ಔಷಧಕ್ಕೆ, ಕೇಸರಿ ಟೋಪಿಯದು ನೂರು ಯುನಿಟ್ ಇರುವ ಔಷಧಕ್ಕೆ. ಅದಲು ಬದಲಾದರೆ ಅಳತೆಯೇ ಕೆಡುತ್ತದೆ. ಅದು ಇವನಿಗೆ ಗೊತ್ತಿದೆ ಎಂದರೆ ಪೂರ್ತಿ ಸುಳ್ಳುಗಾರನಲ್ಲವೇನೋ. ಗೊಣಗುತ್ತಲೇ ಡಬ್ಬಿ ಕೊಟ್ಟಳು.

ಸಪನಾ ಹೀಗೇಕೆ ಎಂದು ಕೇಳುತ್ತೀರಾ? ಎರಡು ವರ್ಷದ ಹಿಂದೆ ಗಡಹಿಂಗ್ಲಜದ ಹುಡುಗನೊಂದಿಗೆ ಅವಳ ಸಾಖರಪುಡಾ ಆಗಿತ್ತು. ಎರಡೂ ಕಡೆಯವರು ಸಕ್ಕರೆಯ ಪೊಟ್ಟಣ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವ ಶಾಸ್ತ್ರ. ಒಂಬತ್ತನೇ ದಿನಕ್ಕೆ ಗೊತ್ತಾಯಿತು, ಹುಡುಗನಿಗೆ ಪುಣೆಯಲ್ಲಿ ಆಗಲೇ ಒಂದು ಸಂಸಾರವಿತ್ತು! ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಸಪನಾ ಅಂದಿನಿಂದ ತಣ್ಣೀರನ್ನೂ ಊದುತ್ತಿದ್ದಳು.

ಆದರೂ ಅವನು ಪ್ರತಿ ಶನಿವಾರ ಬಂದ. ಸಂಜೆ ಆರೂವರೆಗೆ, ಓಡುತ್ತ ಬಂದು ಓಡುತ್ತ ಹೋಗುತ್ತಿದ್ದ.

ಮೂರನೇ ಸಲ ಬಂದಾಗ ಅಂಗಡಿಯ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಜೇಬಿನಿಂದ ಪುಟ್ಟ ಎಣ್ಣೆ ಡಬ್ಬಿ ತೆಗೆದು, ಎರಡು ಹನಿ ಬಿಟ್ಟು, ಅಂಗೈಯಿಂದ ಒಂದೇಟು ಹಾಕಿದ. ಶಟರ್ ಸರ್ರನೆ ಮೇಲೇರಿತು.

"ನಾ ಅವಿನಾಶ ರೀ. ಬಾಜೂ ಊರ ಕೊರೋಚ್ಯಾಗ ಜಾಬರ ಅದೇನಿ. ಕೆಟ್ಟ ಮಾಗ ರಿಪೇರಿ ಮಾಡಾಂವ."

"ಕಣ್ಣು ಯಾಕ ಯಾವಾಗ್ಲೂ ಕೆಂಪ ಇರತಾವು?"

"ಹತ್ತಿ ಧೂಳ ಹೋಗತೈತ್ರಿ. ನೀವೇನ ಅನ್ಕೊಂಡಿದ್ರಿ?"

ಅವನು ನಕ್ಕ. ಸಪನಾಳ ಎದೆಯಲ್ಲಿ ಏನೋ ಕರಗಿತು. ಆ ಕರಗುವುದರ ಮೇಲೂ ಅವಳಿಗೆ ಅನುಮಾನವೇ!

ಮುಂದಿನ ಶನಿವಾರ ಬರುವಾಗಲೇ ಅವನ ಕಿವಿಗೆ ಫೋನ್ ಅಂಟಿಕೊಂಡಿತ್ತು. ಕೌಂಟರಿಗೆ ಬಂದು ಕೇಸರಿ ಟೋಪಿ ಎಂದು ಸನ್ನೆ ಮಾಡಿ, ಅರ್ಧ ತಿರುಗಿ ನಿಂತು ಮಾತು ಮುಂದುವರಿಸಿದ.

"ಮನಿ ಉಂಡ್ಲೇನು? ... ಉಂಡ ಮ್ಯಾಲೆನ ಸೂಜಿ, ಮರೀಬ್ಯಾಡ... ಸಿಟ್ಟ ಮಾಡ್ಯಾಳೇನು? ನಾ ಬರೂತನಾ ತೊಡಿ ಮ್ಯಾಲೆ ಮಲಗಿಸ್ಕೋ... ಹೂಂ, ನನ್ನ ಬಿಟ್ಟ ಆಕೀಗೆ ಯಾರಿಲ್ಲ."

ಸಪನಾಳ ಕೈ ಕಪಾಟಿನೊಳಗೇ ನಿಂತಿತು.

ಉಂಡ್ಲು... ಮಾಡ್ಯಾಳ... ಆಕೀಗೆ...

ಮನಿ ಅಂದರೆ ಮನೆಯಲ್ಲ! ಮನಿ ಒಬ್ಬ ಹೆಂಗಸು! ಮನಿಷಾ ಇರಬೇಕು. ಪ್ರೀತಿಯಿಂದ ಮನಿ ಎಂದು ಕರೆಯುತ್ತಾನೆ. ಹೆಬ್ಬೆರಳ ಕೆಳಗೆ ಬಚ್ಚಿಟ್ಟದ್ದು ಹೆಂಡತಿಯ ಹೆಸರನ್ನು!

'ಎಲ್ಲಾ ಗಂಡಸ್ರೂ ಒಂದ. ಎಲ್ಲಾರೂ ಅಷ್ಟ!'

ಕೈಗೆ ಸಿಕ್ಕ ಡಬ್ಬಿ ಎತ್ತಿ ಕೌಂಟರಿನ ಮೇಲೆ ಕುಕ್ಕಿದಳು. ಅವನು ಫೋನ್ ಇಟ್ಟು ನಗಲು ಬಾಯಿ ತೆರೆದ. ಅವಳು ಮುಂದಿನ ಗಿರಾಕಿಯತ್ತ ತಿರುಗಿಬಿಟ್ಟಳು. ಪಾಪ, ಅವನು ಡಬ್ಬಿ ಜೇಬಿಗಿಟ್ಟುಕೊಂಡು ಸುಮ್ಮನೆ ಹೋದ.

ಮರುದಿನ ಬೆಳಿಗ್ಗೆ ಅಂಗಡಿಯ ಮಾಲೀಕ ದಾದಾಸಾಹೇಬರು ಕಪಾಟು ಒರೆಸುತ್ತ ಮರಾಠಿಯಲ್ಲಿ ಕೇಳಿದರು.

"ಸಪನಾ, ಲಾಲ್ ಟೋಪೀಚಾ ಡಬಾ ಕುಣಾಲಾ ದಿಲಾಸ ಗಂ?"

ಕೆಂಪು ಟೋಪಿಯ ಡಬ್ಬಿ ಯಾರಿಗೆ ಕೊಟ್ಟೆ?

ಸಪನಾ ನೋಡಿದಳು. ಕೇಸರಿ ಟೋಪಿಯ ಡಬ್ಬಿ ಇದ್ದಲ್ಲೇ ಇತ್ತು.

ನೂರರ ಔಷಧವನ್ನು ಕೆಂಪು ಟೋಪಿಯ ಸಿರಿಂಜಿನಲ್ಲಿ ಒಂದು ಗೆರೆ ಎಳೆದರೆ ಹೋಗುವುದು ಒಂದು ಯುನಿಟ್ ಅಲ್ಲ, ಎರಡೂವರೆ! ನಿನ್ನೆ ಸಂಜೆ ಒಂದು ಸಲ. ಇಂದು ಬೆಳಿಗ್ಗೆ ಮತ್ತೊಂದು ಸಲ. ರಕ್ತದ ಸಕ್ಕರೆ ತಳಕ್ಕಿಳಿದು ಆ ಹೆಂಗಸು...

ಯಾರ ಹೆಂಡತಿಯಾದರೇನು! ಜೀವ ಜೀವವೇ ಅಲ್ಲವೇ!

"ತಪ್ಪ ಝಾಲಂ ದಾದಾ! ನಾ ಕೊರೋಚಿಗೆ ಹೋಗಿ ಬರತೇನಿ!" ಎಂದು ಎರಡೂ ಭಾಷೆಯಲ್ಲಿ ಕೂಗುತ್ತ ಸ್ಕೂಟಿ ಹತ್ತಿದಳು.

ಅವಿನಾಶ ಜಾಬರನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಅವನ ಆಯಿ, ಅಂದರೆ ಅಜ್ಜಿ, ಗಂಗುಬಾಯಿ ನಿಂತಿದ್ದಳು.

"ಆಯೀ, ಮನಿ ಎಲ್ಲಿ?"

"ಇದ ಮನಿ ಬಾಳಾ. ಒಳಗ ಬಾ."

"ಅಲ್ರೀ! ಸೂಜಿ ಮಾಡಸ್ಕೊಳ್ಳೂ ಮನಿ! ಹೆಂಗದಾರ ಅವ್ರು?"

ಗಂಗುಬಾಯಿಯ ಮುಖ ಅಳುವಂತಾಯಿತು.

"ಭಾಳ ತ್ರಾಸ ಆಗೇತವ್ವಾ ಆಕೀಗೆ. ಅವಿ ಮುಂಜಾನೆ ಸೂಜಿ ಮಾಡಿ ಕೆಲಸಕ್ಕ ಹೋಗ್ಯಾನ. ಈಗ ಎದ್ದ ನಿಂದ್ರಾಕ ಬರವಲ್ದು. ಕುಡದಾರಂಗ ಹೊಯ್ದಾಡಾಕತ್ತಾಳ... ನೋಡ."

ಮೂಲೆಯಲ್ಲಿ ನೂಲು ಸುತ್ತಿದ ಕಂಡಿಗಳನ್ನು ತುಂಬುವ ಬುಟ್ಟಿ. ಬುಟ್ಟಿಯಲ್ಲಿ ಹಳೇ ಇಳಕಲ್ ಸೀರೆಯ ತುಂಡು. ಅದರ ಮೇಲೆ ಕಂದು ಮಚ್ಚೆಯ ಒಂದು ಮುದಿ ಬೆಕ್ಕು, ಕಣ್ಣು ಅರ್ಧ ಮುಚ್ಚಿ ನಡುಗುತ್ತಿತ್ತು.

ಬೆಕ್ಕು!

ಮನಿ... ಮನೀಮಾಂಜರ! ಊರಿನ ಮರಾಠಿ ಮಂದಿಯೆಲ್ಲ ಬೆಕ್ಕಿಗೆ ಇಡುವ ಹೆಸರು! ಕನ್ನಡದ ಕಿವಿಗೆ ಮೊದಲು ಮನೆಯಾಗಿ, ಆಮೇಲೆ ಸವತಿಯಾಗಿ ಕೇಳಿಸಿತಲ್ಲ ಶಿವನೇ!

ನಗಲು ಹೊತ್ತಿರಲಿಲ್ಲ.

"ಆಯೀ, ಕಾಕವಿ ಐತೇನು ಮನ್ಯಾಗ?"

"ಐತಿ. ಆದ್ರ ಡಾಕ್ಟರು ಸಿಹಿ ಮುಟ್ಟಸಬ್ಯಾಡ್ರಿ ಅಂದಾರವ್ವಾ..."

"ಈಗ ಸಿಹೀನ ಔಷಧ! ಲಗೂನ ತರ್ರಿ!"

ಬೆಲ್ಲದ ಆ ಪಾಕವನ್ನು ಬೆರಳ ತುದಿಗೆ ತೆಗೆದುಕೊಂಡು, ಬೆಕ್ಕಿನ ತುಟಿ ಎತ್ತಿ, ಒಸಡಿಗೆ ತಿಕ್ಕಿದಳು. ಒಮ್ಮೆ. ಮತ್ತೊಮ್ಮೆ. 'ನಿನ್ನ ಕಾಲಿಗೆ ಬೀಳತೇನಿ, ಹೋಗಬ್ಯಾಡ...' ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಒರಟು ನಾಲಿಗೆಯೊಂದು ಅವಳ ಬೆರಳನ್ನು ನೆಕ್ಕಿತು.

ಆಯಿಯ ಫೋನಿಗೆ ಅವಿನಾಶ ಓಡಿ ಬಂದ. ಸಪನಾ ಸ್ಕೂಟಿ ನಡೆಸಿದಳು, ಅವನು ಹಿಂದೆ ಬುಟ್ಟಿ ಅಪ್ಪಿಕೊಂಡು ಕುಳಿತ. ಸ್ಕೂಟಿ ನಿಂತದ್ದು ಕೊಲ್ಲಾಪುರದ ಜನಾವರದ ದವಾಖಾನೆಯ ಮುಂದೆಯೇ.

ಡಾಕ್ಟರು ಗ್ಲೂಕೋಸಿನ ಸಲಾಯಿನ್ ಹಚ್ಚಿ, "ಬದುಕತೈತಿ. ಕಾಕವಿ ತಿಕ್ಕಿದ್ದು ಛಲೋ ಆತು" ಎಂದು ಒಳಗೆ ಹೋದರು.

ಸಪನಾ ಬೆಂಚಿನ ತುದಿಯಲ್ಲಿ ಕುಳಿತು ಹೇಳಿಬಿಟ್ಟಳು.

"ಸಿರಿಂಜು ತಪ್ಪಿ ಕೊಟ್ಟಾಕಿ ನಾನ. ಕೆಂಪ ಟೋಪೀದು ಕೊಟ್ನಿ."

ಅವಿನಾಶ ಅವಳನ್ನೇ ನೋಡಿದ.

"ನಾನೂ ಟೋಪಿ ನೋಡಲಿಲ್ರಿ. ನೀವು ಕೊಟ್ಟದ್ದಂದ್ರ ಸರೀನ ಇರತೈತಿ ಅನ್ಕೊಂಡ್ನಿ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದಳು. ಈ ಮಾತನ್ನು ಸಹಿಸುವುದು ಹೇಗೆ?

"ಲಕ್ಷ್ಯ ಎಲ್ಲಿತ್ತು ನಿಮ್ದು?" ಎಂದ ಅವಿನಾಶ.

"ನಿಮ್ಮ ಫೋನಿನ ಮ್ಯಾಲೆ... ಮನಿ ಅಂದ್ರ ನಿಮ್ಮ ಹೇಣ್ತಿ ಅನ್ಕೊಂಡಿದ್ನಿ."

ಅವನು ನಗಲಿಲ್ಲ. ಎದ್ದು ಗಾಜಿನ ಬಾಗಿಲ ಹತ್ತಿರ ಹೋಗಿ, ಒಳಗೆ ಮಲಗಿದ್ದ ಬೆಕ್ಕನ್ನು ನೋಡುತ್ತ ನಿಂತ.

"ನೀವು ಹೋಗ್ರಿ. ನಾ ಬಸ್ಸಿಗೆ ಬರತೇನಿ."

ಆಮೇಲೆ ಮೂರು ಶನಿವಾರ ಅವನು ಬರಲಿಲ್ಲ.

ಆರೂವರೆಯಾದರೆ ಸಾಕು, ಸಪನಾಳ ಕಣ್ಣು ಬೀದಿಗೆ ಹೋಗುತ್ತಿತ್ತು. 'ಎಲ್ಲಾರೂ ಮೋಸಗಾರರು ಅಂತ ಕಾಯ್ಕೋತ ಕುಂತಿದ್ನಿ. ಕಡೀಕ ಮೋಸ ಮಾಡಿದಾಕಿ ನಾನ ಆದ್ನಿ.' ಈ ಒಂದು ಮಾತು ಅವಳಿಗೆ ಊಟ ಸೇರಗೊಡಲಿಲ್ಲ.

ಅಳುತ್ತ ಕೂರುವ ಜಾತಿಯೂ ಅವಳದಲ್ಲ. ಅವನು ಪಾಳಿಗೆ ಹೋದ ಹೊತ್ತು ನೋಡಿ ಬೆಳಿಗ್ಗೆ ಕೊರೋಚಿಗೆ ಹೋದಳು. ಗಂಗುಬಾಯಿ ಬೈಯಲಿಲ್ಲ. ಚಹಾ ಕೊಟ್ಟಳು, ತನ್ನ ಬಿಸ್ಕಿಟಿನ ತುಂಡೊಂದನ್ನು ಚಹಾದಲ್ಲಿ ಅದ್ದಿ ಬೆಕ್ಕಿಗೂ ಹಾಕಿದಳು!

"ಆಯೀ! ಇದೇನ ಮಾಡಾಕತ್ತೀರಿ?"

"ಅವೀಗೆ ಹೇಳಬ್ಯಾಡವ್ವಾ. ಎಂಟ ವರ್ಷದ ರೂಢಿ. ಮಾರಿ ಸಣ್ಣದ ಮಾಡತಾಳ, ತಡೀಲಾರೆ. ಅಲ್ಲಾ, ಮನಷ್ಯಾರ ಬ್ಯಾನಿ ಬೆಕ್ಕಿಗೆ ಹೆಂಗ ಬಂತು?"

ಸಪನಾ ನಕ್ಕಳು, ಆಮೇಲೆ ಒಂದು ವಹಿ ತೆಗೆದು ಗೋಡೆಯ ಮೊಳೆಗೆ ಕಟ್ಟಿದಳು. ದಪ್ಪ ಅಕ್ಷರದಲ್ಲಿ ಬರೆದಳು: ಮುಂಜಾನೆ ಏಳು, ಸಂಜೆ ಏಳು. ಮೊದಲು ಊಟ, ಆಮೇಲೆ ಸೂಜಿ. ಬಿಸ್ಕಿಟ್ ಇಲ್ಲ. ಬೇಯಿಸಿದ ಕೋಳಿ ನಡೆಯುತ್ತದೆ. ಹೊಯ್ದಾಡಿದರೆ ಕಾಕವಿ, ತಕ್ಷಣ ಡಾಕ್ಟರಿಗೆ ಫೋನ್. ಕೊನೆಗೆ ಕೆಂಪು ಪೆನ್ನಿನಲ್ಲಿ: ಯಾರೇ ಕೊಡಲಿ, ನಾನೇ ಕೊಡಲಿ, ಟೋಪಿ ಕೇಸರಿ ಇದೆಯೋ ನೋಡಿ.

ನಾಲ್ಕನೇ ಶನಿವಾರ. ಆರೂವರೆ.

ಕೌಂಟರಿನ ಮೇಲೆ ಒಂದು ಕಾಗದ ಬಂದು ಬಿತ್ತು. ಸಪನಾ ತಲೆ ಎತ್ತಿದಳು. ಅವಿನಾಶ!

ಅದು ಕೊಲ್ಲಾಪುರದ ಚೀಟಿ. ಪೂರ್ತಿ ಬಿಚ್ಚಿಟ್ಟಿದ್ದ. ಮೇಲೆ ಜನಾವರದ ದವಾಖಾನೆ ಎಂದಿತ್ತು. ಹೆಸರು: ಮನಿ. ಜಾತಿ: ಬೆಕ್ಕು.

"ಹೆಬ್ಬೆರಳ ತಗದೇನ್ರಿ."

ಅವಳು ಚೀಟಿಯನ್ನು ಹತ್ತಿರಕ್ಕೆಳೆದುಕೊಂಡು ಮತ್ತೊಮ್ಮೆ ಓದಿದಳು.

"ಬೆಕ್ಕಿಗೆ ಸಕ್ಕರಿ ಬ್ಯಾನಿ ಅಂದಿದ್ದಕ್ಕ ಮಾಗದ ಶೆಡ್ಡಿನ ಮಂದಿ ಎಂಟ ದಿನಾ ನಕ್ಕಾರ. ನೀವೂ ನಗತೀರಿ ಅಂತ ಹೆದರಿದ್ನಿ. ಬ್ಯಾರೆ ಯಾರ ನಕ್ರೂ ನಡೀತಿತ್ತು..." ಅವನು ತಡೆದ. "ತಪ್ಪ ನಿಮ್ದು ಖರೆ. ಮುಚ್ಚಿಟ್ಟಿದ್ದ ನಂದು."

"ಸಿಟ್ಟ ಹೋಗೇತೇನು?"

"ಗ್ವಾಡಿ ಮ್ಯಾಲಿಂದು ದಿನಾ ಎರಡ ಸಲ ಓದತೇನಲ್ರೀ. 'ನಾನೇ ಕೊಡಲಿ' ಅಂತ ಬರದದ್ದನ್ನ ಓದಿ ಓದಿ... ಎಷ್ಟ ದಿನಾ ಸಿಟ್ಟ ಇರತೈತಿ?"

ಸಪನಾ ಕೇಸರಿ ಟೋಪಿಯ ಡಬ್ಬಿ ತೆಗೆದಳು. ಎರಡು ಸಲ ನೋಡಿದಳು. ಅವನ ಮುಂದೆ ತಿರುಗಿಸಿ ಹಿಡಿದಳು. ಅವನೂ ನೋಡಿದ.

"ಸಕ್ಕರಿ ಇಳದೈತ್ರಿ ಆಕೀದು. ಮೈ ಹತ್ತೇತಿ," ಎಂದ. ಆಮೇಲೆ ಎಣ್ಣೆಯ ಬೆರಳುಗಳನ್ನು ಒಂದಕ್ಕೊಂದು ತಿಕ್ಕುತ್ತ, ಕಿವಿ ಕೆಂಪಗೆ ಮಾಡಿಕೊಂಡು ಕೇಳಿದ, "ಸಪನಾ... ಮನೀಗೆ ನೀವು ಭಾಳ ಬೇಕಾಗೇರಿ."

"ಯಾವ ಮನೀಗೆ?"

"ಎರಡೂ ಮನೀಗೆ. ಮತ್ತ... ನನಗೂ."

ಎರಡು ವರ್ಷ ಊದಿ ಊದಿ ಕುಡಿದವಳು ಆ ಮುಖವನ್ನು ನೋಡಿದಳು. ಹುಡುಕಿದರೂ ಅನುಮಾನಕ್ಕೆ ಒಂದೆಳೆ ಸಿಗಲಿಲ್ಲ.

"ಆಯೀನ ಕರ್ಕೊಂಡು ನಮ್ಮ ಅಪ್ಪನ ಕಡೆ ಬರ್ರಿ," ಎಂದಳು, ಕಣ್ಣು ಒರೆಸಿಕೊಳ್ಳುತ್ತ.

"ಬರೂವಾಗ ಸಾಖರಪುಡಾ ತರಲೇನು?"

"ತರ್ರಿ. ಆದ್ರ ಮನೀಗೆ ಸಿಗದಂಗ ಮ್ಯಾಲೆ ಇಡೂದು ನಿಮ್ಮ ಜವಾಬ್ದಾರಿ."