ಯಾವ ಗಾಜಿನಲ್ಲಿ ಚೆನ್ನಾಗಿ ಕಾಣುತ್ತೆ?

ಕೋರ್ಟಿನ ಕಾರಿಡಾರಿನಲ್ಲಿ ಆ ವಕೀಲ ಕಾಗದವನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ. ಕ್ರೆಡಿಟ್ ಕಾರ್ಡಿನ ಬಾಕಿಗಾಗಿ ಬ್ಯಾಂಕು ಹಾಕಿದ ದಾವೆ. ಬ್ಯಾಂಕಿನ ಪರ ಅವನು. ಎದುರಿಗೆ ನಿಂತಿದ್ದವಳೇ ಬಾಕಿದಾರಳು.

“ನಿಮ್ಮ ಕನ್ನಡಕದ ನಂಬರ್ ಬದಲಾಗಿದೆ,” ಎಂದಳು ಅವಳು.

ಅವನು ತಲೆಯೆತ್ತಿದ. “ನಿಮಗೆ ಹೇಗೆ ಗೊತ್ತು?”

“ನನ್ನದು ಕನ್ನಡಕದಂಗಡಿ. ಕಣ್ಣು ಪರೀಕ್ಷೆ ಮಾಡೋ ಮಷೀನನ್ನ ಕಾರ್ಡು ಉಜ್ಜಿ ತಂದೆ. ಅದಕ್ಕೇ ಇಲ್ಲಿ ನಿಂತಿದ್ದೀನಿ.”

ನಗಬಾರದ ಜಾಗದಲ್ಲಿ ನಗು ಬಂದರೆ ಏನು ಮಾಡುವುದು ಹೇಳಿ? ಇಬ್ಬರೂ ನಕ್ಕುಬಿಟ್ಟರು.

ಅವನು ರಾಜಿಯ ಮಾತೆತ್ತಿದ. ಒಂದೇ ಸಲ ಕಟ್ಟಿದರೆ ಬ್ಯಾಂಕು ಅರ್ಧ ಬಿಡುತ್ತದೆ ಎಂದ. ಅಷ್ಟು ದುಡ್ಡು ಹುಟ್ಟಬೇಕಾದರೆ ಮಷೀನನ್ನೇ ಮಾರಬೇಕು. ಮಾರಿದರೆ ಅಂಗಡಿಗೆ ಬಾಗಿಲು ಹಾಕಿದಂತೆಯೇ.

“ಕಂತಿನಲ್ಲಿ ಕೊಡ್ತೀನಿ ಸಾರ್. ನಿಯತ್ತಾಗಿ ಕೊಡ್ತೀನಿ.”

“ಕೇಳಿ ನೋಡ್ತೀನಿ,” ಎಂದ.

ಆಮೇಲಿನ ವಾಯಿದೆಗಳಲ್ಲಿ ಅದೇ ಬೆಂಚಿನ ಮೇಲೆ ಅವರ ಚೌಕಾಸಿ ನಡೆಯಿತು. ಕೇಸು ಕೂಗುವ ತನಕ ಕಂತಿನ ಮಾತು, ಮಧ್ಯೆ ಮಧ್ಯೆ ಬೇರೆ ಮಾತು... ವಾಯಿದೆ ಹತ್ತಿರ ಬಂತೆಂದರೆ ಖುಷಿಯಾಗುತ್ತಿದೆಯಲ್ಲ, ನನಗೇನು ತಲೆ ಕೆಟ್ಟಿದೆಯಾ? ಎಂದು ಅವಳು ತನ್ನನ್ನೇ ಬೈದುಕೊಂಡಳು.

ಒಂದು ದಿನ ಅವನು ಮೆಲ್ಲಗೆ, “ಬಡ್ಡಿ ಪೂರ್ತಿ ಬಿಡಬಹುದು. ಅಸಲು ಮಾತ್ರ, ಅದೂ ಕಂತಿನಲ್ಲಿ,” ಎಂದ.

ಅವಳಿಗೆ ಚುರುಕ್ಕೆಂದಿತು. ಇಷ್ಟೆಲ್ಲ ಬಿಡುವುದಕ್ಕೆ ಇವನೇನು ನನ್ನ ನೆಂಟನೇ? ನಾಳೆ ಇದನ್ನೇ ಎತ್ತಿ ಆಡಿದರೆ...?

“ನಿಮ್ಮ ಕನಿಕರ ನನಗೆ ಬೇಡ. ಯಾರ ಹಂಗಿನಲ್ಲೂ ನಾನು ಅಂಗಡಿ ನಡೆಸಲ್ಲ.”

ಅವನ ಮುಖ ಸಪ್ಪಗಾಯಿತು. ಫೈಲು ಮಡಚಿಕೊಂಡು ಎದ್ದುಹೋದ.

ಮುಂದಿನ ವಾಯಿದೆಗೆ ಅವನ ಜಾಗದಲ್ಲಿ ಹಿರಿಯ ವಕೀಲೆಯೊಬ್ಬರು ಬಂದಿದ್ದರು.

“ಅಸಲು ಮಾತ್ರ, ಕಂತಿನಲ್ಲಿ. ಒಪ್ಕೋತೀಯಾ ತಾಯಿ? ಹಳೇ ಬಾಕಿಗೆಲ್ಲ ಬ್ಯಾಂಕು ಈಗ ಇದನ್ನೇ ಕೊಡ್ತಿದೆ.”

“ಎಲ್ಲರಿಗೂನಾ?”

“ಮತ್ತೆ? ನಿನ್ನೊಬ್ಬಳಿಗೇ ಯಾಕೆ ಕೊಡ್ತಾರೆ?”

“ಮೊದಲಿದ್ದ ವಕೀಲರು...?”

“ಫೈಲು ವಾಪಸ್ ಕೊಟ್ಟ. ಈ ಕೇಸಲ್ಲಿ ನಾನು ನಿಲ್ಲೋದು ಸರಿಯಲ್ಲ ಅಂದ. ಯಾಕೆ ಅಂತ ನಾನೂ ಕೇಳಲಿಲ್ಲ. ಅವನ ಕಿವಿ ಕೆಂಪಾಗಿತ್ತು.”

ರಾಜಿಗೆ ಸಹಿ ಬಿತ್ತು, ಮಷೀನು ಉಳಿಯಿತು. ಕುಣಿದಾಡಬೇಕಾದವಳು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದಳು. ಎಂಥ ಮಾತು ಆಡಿಬಿಟ್ಟೆ ನಾನು...

ಒಂದು ಸಂಜೆ ಬಾಗಿಲು ತೆರೆಯಿತು. ಅದೇ ಹಳೇ ಕನ್ನಡಕ ಕೈಯಲ್ಲಿ ಹಿಡಿದು ಅವನು ನಿಂತಿದ್ದ.

“ಕಾಗದ ಓದೋಕಾಗ್ತಿಲ್ಲ.”

ಅವಳು ಕುರ್ಚಿ ತೋರಿಸಿದಳು. ಪರೀಕ್ಷೆಯ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ ಗಾಜು ಹಾಕಿದಳು.

“ಅವತ್ತು ಹಾಗಂದಿದ್ದು ತಪ್ಪಾಯ್ತು.”

“ತಪ್ಪೇನಿಲ್ಲ. ಆಫರ್ ಬ್ಯಾಂಕಿನದೇ. ಆದ್ರೆ ನಾನು ಆ ಬೆಂಚಲ್ಲಿ ಕೂರ್ತಿದ್ದಿದ್ದು ಬರೀ ಬ್ಯಾಂಕಿಗೋಸ್ಕರ ಅಲ್ಲ... ಅದು ನನಗೇ ಗೊತ್ತಾದ ಮೇಲೆ ಫೈಲು ಬಿಟ್ಟೆ. ಕೇಸು ಮುಗೀಲಿ ಅಂತ ಕಾದೆ.”

ಅವಳು ಇನ್ನೊಂದು ಗಾಜು ಎತ್ತಿಕೊಂಡಳು. ಕೆಲಸದ ಮಾತೇ ಕೈಹಿಡಿಯಿತು.

“ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ... ಇದರಲ್ಲಾ?”

“ಎರಡರಲ್ಲೂ ನೀವೇ ಕಾಣ್ತೀರಿ.”

“ನನ್ನನ್ನಲ್ಲ, ಗೋಡೆ ಮೇಲಿನ ಅಕ್ಷರ ನೋಡಿ.”

“ನೋಡ್ತೀನಿ. ಮೊದಲು ಹೇಳಿ, ದಿನಾ ಬರಬಹುದಾ?”

ಅವಳು ಕಣ್ಣೊರೆಸಿಕೊಂಡು ನಕ್ಕಳು. “ಬನ್ನಿ. ಆದ್ರೆ ಕನ್ನಡಕಕ್ಕೆ ಪೂರ್ತಿ ದುಡ್ಡು. ರಿಯಾಯ್ತಿ ಇಲ್ಲ.”

“ಕಂತಿನಲ್ಲಿ ಕೊಡ್ತೀನಿ,” ಎಂದ ಅವನು. “ಆದಷ್ಟು ನಿಧಾನಕ್ಕೆ.”