ಮೂರು ಚೆಂಡು ತಂತಿ

"ನಮ್ಮ ರೇಡಿಯೋ ಎಲ್ಲಿ?"

ಕಾಪು ಬಸ್‌ಸ್ಟ್ಯಾಂಡಿನ ಹಿಂದಿದ್ದ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ಚಂಪಾ ಕೇಳಿದ ರೀತಿಗೆ ಭುಜಂಗನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು.

ಉತ್ತರ ಹೇಳುವ ಅಗತ್ಯವೇ ಇರಲಿಲ್ಲ. ರೇಡಿಯೋದ ಮರದ ಗೂಡು ಮೇಜಿನ ಮೇಲೆ ಕಾಣುತ್ತಿತ್ತು. ಒಳಗೆ ಏನೂ ಇರಲಿಲ್ಲ!

"ಹೊಟ್ಟೆಯೊಳಗಿದ್ದದ್ದೆಲ್ಲ ಎಂತ ಮಾಡಿದಿರಿ?"

"ಅಲ್ಲಿ ಉಂಟು..." ಅವನು ಗೋಡೆಗೆ ಒರಗಿಸಿದ್ದ ಕಪಾಟಿನ ಕಡೆಗೆ ಕೈ ತೋರಿಸಿದ.

ಕಾರ್ಕಳದಲ್ಲಿ ಭುಜಂಗನ ಗೆಳೆಯ ಜಲಾಲನ ಅಕ್ಕ ಬಟ್ಟೆ ಇಡುತ್ತಿದ್ದ ಕಪಾಟು ಅದು. ಈಗ ಅದರ ಎದೆಗೆ ಟಿವಿ ಬಂದಿತ್ತು, ಸೊಂಟಕ್ಕೆ ಒಂದು ಹಿಡಿ, ಎರಡು ಗುಂಡಿ. ಜಲಾಲ್ ದುಬೈಯಿಂದ ಮರಳುವಾಗ ಮೂಲೆಗೆ ಬಿದ್ದಿದ್ದ ವಿಡಿಯೋ ಗೇಮ್ ಯಂತ್ರದ ಬೋರ್ಡನ್ನು ಲುಂಗಿಯಲ್ಲಿ ಸುತ್ತಿ ತಂದಿದ್ದ. ಚಿತ್ರ ಬರುತ್ತಿತ್ತು, ಶಬ್ದ ಮಾತ್ರ ಇಲ್ಲ. ಆ ಶಬ್ದಕ್ಕಾಗಿ ಚಂಪಾಳ ಮನೆಯ ರೇಡಿಯೋದ ಸ್ಪೀಕರೂ ಅದನ್ನು ನಡೆಸುವ ಭಾಗವೂ ಕಪಾಟಿನೊಳಗೆ ಹೋಗಿ ಕೂತಿದ್ದವು. ಆದಿತ್ಯವಾರ ಇದನ್ನು ಮಣಿಪಾಲದ ಒಂದು ಅಂಗಡಿಗೆ ಒಯ್ದು ತೋರಿಸಬೇಕು. ೧೯೮೬ನೇ ಇಸವಿ ನೋಡಿ, ಕಾಲೇಜು ಹುಡುಗರು ಇಂಥದ್ದಕ್ಕೆ ಬಾಯಿ ಬಿಡುತ್ತಿದ್ದ ಕಾಲ.

"ರಿಪೇರಿ ಆಗದಿದ್ದರೆ ಸಾಮಾನು ಇಟ್ಟುಕೊಳ್ಳಿ ಅಂತ ತಂದುಕೊಟ್ಟ ನಿಮ್ಮ ಸೋದರಮಾವನೇ ಹೇಳಿದ್ದು. ಸ್ಟೇಷನ್ ಹಿಡಿಯುವ ಭಾಗ ಸತ್ತುಹೋಗಿದೆ. ಅದರ ವಾಲ್ವು ಈಗ ಸಿಗುವುದಿಲ್ಲ."

"ಮಾವ ಯಾರು ಹೇಳಲಿಕ್ಕೆ? ಹೂ ಕಟ್ಟುವಾಗ ದಿನಾ ರೇಡಿಯೋ ಕೇಳುವವಳು ನಾನು!"

ಭುಜಂಗ ತಲೆ ತಗ್ಗಿಸಿ, ಅರ್ಧಕ್ಕೆ ನಿಂತಿದ್ದ ತಂತಿ ಸುತ್ತುವ ಕೆಲಸಕ್ಕೆ ಕೈ ಹಾಕಿದ. ಟಕ್! ತಂತಿ ತುಂಡಾಯಿತು.

"ಇದು ಐದನೇ ಸಲ," ಎಂದ ತನ್ನಷ್ಟಕ್ಕೆ.

"ಎಂತ ಅದು?" ಸಿಟ್ಟಿನಲ್ಲೂ ಕೇಳದೆ ಇರಲಾಗಲಿಲ್ಲ ಅವಳಿಗೆ.

"ಟ್ರಾನ್ಸ್‌ಫಾರ್ಮರ್. ಇದರಿಂದಲೇ ಸ್ಪೀಕರಿಗೆ ಶಬ್ದ ಹೋಗುವುದು. ಒಳಗಿನ ತಂತಿ ಕಡಿದಿದೆ, ಹೊಸತು ಸುತ್ತಬೇಕು. ಕೂದಲಿಗಿಂತ ಸಪೂರ. ಎರಡು ಸಾವಿರದ ನಾನೂರು ಸುತ್ತು."

"ಮೂರು ಚೆಂಡು."

"ಎಂತ?"

"ಎಂಟುನೂರು ಮಲ್ಲಿಗೆ ಕಟ್ಟಿದರೆ ಒಂದು ಚೆಂಡು. ನಾನು ಮಲ್ಲಿಗೆಯ ಊರು ಶಂಕರಪುರದವಳು. ಈಚೆ ಕೊಡಿ ಅದನ್ನು. ಕೈಯಾ ಅದು, ಒನಕೆಯಾ?"

ಹುಟ್ಟಿದಾಗಿನಿಂದ ಬಾಳೆನಾರಿನಲ್ಲಿ ಮೊಗ್ಗು ಕಟ್ಟಿದ ಬೆರಳುಗಳು. ತಂತಿ ಎಳೆದೂ ಎಳೆಯದ ಹಾಗೆ ಸುತ್ತುತ್ತಾ ಹೋಯಿತು. ಭುಜಂಗ ಉಸಿರು ಬಿಡದೆ ನೋಡುತ್ತಾ ಕುಳಿತ.

ಒಪ್ಪಂದ ಅಲ್ಲೇ ಆಯಿತು. ಕಾಪುವಿಗೆ ಹೂ ಕೊಡಲು ಬಂದಾಗ ದಿನಕ್ಕೊಂದು ಚೆಂಡಿನಂತೆ ಅವಳು ಸುತ್ತಿಕೊಡುವುದು, ಬದಲಿಗೆ ಅವನು ಒಂದು ಒಳ್ಳೆಯ ಟ್ರಾನ್ಸಿಸ್ಟರ್ ರೇಡಿಯೋ ಕೊಡುವುದು. ಆ ದಿನವೇ ಟ್ರಾನ್ಸಿಸ್ಟರ್ ಕೊಟ್ಟುಬಿಟ್ಟ! ಮರುದಿನ ಬಾರದೆ ಇದ್ದರೂ ನಡೆಯುತ್ತಿತ್ತು. ಆದರೂ ಚಂಪಾ ಬಂದಳು, ಎಂದಿಗಿಂತ ಅರ್ಧ ಗಂಟೆ ಮೊದಲೇ.

ಎರಡನೇ ಚೆಂಡಿನ ಮಧ್ಯದಲ್ಲಿ ಅವನು ಚಹಾ ತಂದಿಟ್ಟು, "ನಿಮ್ಮ ಕೈ ಎಷ್ಟು ಚೆಂದ ಓಡುತ್ತದೆ," ಎಂದ.

ನಾನೂರ ಹತ್ತೋ... ಐನೂರ ಹತ್ತೋ? ಚಂಪಾಳ ಲೆಕ್ಕ ತಪ್ಪಿಹೋಯಿತು! ಹೇಳಿದರೆ ಮೊದಲಿನಿಂದ ಸುತ್ತಬೇಕು. ಮೇಲಿಂದ, ಯಾಕೆ ತಪ್ಪಿತು ಅಂತ ಕೇಳಿದರೆ? ಅಂದಾಜಿಗೆ ಒಂದು ಲೆಕ್ಕ ಹಿಡಿದು ಮುಂದುವರಿಸಿದಳು.

ಮೂರನೆಯ ದಿನ ಶನಿವಾರ. ಕೊನೆಯ ಸುತ್ತು ಮುಗಿಸಿ, ತಲೆ ಎತ್ತದೆ ಹೇಳಿದಳು. "ಬೊಂಬಾಯಿಯಿಂದ ಸಂಬಂಧ ಬಂದಿದೆ. ನಾಳೆ ನಾಲ್ಕು ಗಂಟೆಗೆ ಬರುತ್ತಾರೆ. ಉತ್ತರ ಹೇಳಬೇಕು."

ಬೇಡ ಅನ್ನಿ... ಒಂದೇ ಒಂದು ಮಾತು ಸಾಕು, ಅಂತ ಅವಳ ಮನಸ್ಸು ಕೂಗುತ್ತಿತ್ತು.

ಭುಜಂಗ ಅವಳ ಕೈಯಿಂದ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡ. "ಒಳ್ಳೆಯದಾಯಿತಲ್ಲ," ಎಂದ.

ಆಮೇಲೆ ಬೆನ್ನು ತಿರುಗಿಸಿ ಟ್ರಾನ್ಸ್‌ಫಾರ್ಮರನ್ನು ಕಪಾಟಿನೊಳಗೆ ಕೂರಿಸಿದ, ಬೆಸುಗೆ ಹಾಕಿದ, ಸ್ವಿಚ್ ಒತ್ತಿದ. ಸ್ವಲ್ಪ ಹೊತ್ತಿನಲ್ಲೇ ಚಟಚಟ ಅಂದಿತು. ಸುಟ್ಟ ವಾಸನೆ, ಹೊಗೆ!

"ಛೆ! ಎಲ್ಲ ಹೋಯಿತು!" ಎಂದು ಕೂಗಿ ಸ್ವಿಚ್ ಆರಿಸಿದ.

ನನ್ನಿಂದಲೇ ಹೋಯಿತು... ನನ್ನ ಸುಳ್ಳು ಲೆಕ್ಕದಿಂದ! ಅವನು ತಿರುಗುವಷ್ಟರಲ್ಲಿ ಚಂಪಾ ಅಂಗಡಿಯಲ್ಲಿರಲಿಲ್ಲ.

ಜಲಾಲ್ ಬಂದಾಗ ಭುಜಂಗ ಒಂದು ವಯರು ಹಿಡಿದು ಮಂಕಾಗಿ ಕುಳಿತಿದ್ದ.

"ಸ್ಪೀಕರಿಗೆ ಜೋಡಿಸುವ ವಯರು. ಜೋಡಿಸಲಿಕ್ಕೇ ಮರೆತೆ. ಸ್ಪೀಕರ್ ಜೋಡಿಸದೆ ವಾಲ್ವಿನ ಸೆಟ್ ಹಚ್ಚಿದರೆ ಸುಡುತ್ತದೆ ಅಂತ ನಾನೇ ನೂರು ಜನಕ್ಕೆ ಹೇಳಿದ್ದೇನೆ."

"ಹುಡುಗಿ ಎಂತ ಹೇಳಿದಳು?"

"ಬೊಂಬಾಯಿಗೆ ಮದುವೆ ಅಂತೆ."

"ನೀನು?"

"ಒಳ್ಳೆಯದಾಯಿತು ಅಂದೆ."

ಜಲಾಲ್ ಹಣೆ ಬಡಿದುಕೊಂಡ. "ನಿನ್ನ ತಲೆ! ವಯರು ಒಂದೇ ಅಲ್ಲ ಮಾರಾಯ, ನೀನು ಮರೆತದ್ದು ತುಂಬಾ ಉಂಟು. ನಾಳೆ ಮಣಿಪಾಲಕ್ಕೆ ನಾನೊಬ್ಬನೇ ಹೋಗುತ್ತೇನೆ. ನೀನು ಶಂಕರಪುರದ ಬಸ್ಸು ಹತ್ತು."

ಆದಿತ್ಯವಾರ ಮಧ್ಯಾಹ್ನ ಎರಡು ಗಂಟೆ. ಚಂಪಾ ಹೊಸ ಸೀರೆಯುಟ್ಟು ಜಗಲಿಯಲ್ಲಿ ಕುಳಿತಿದ್ದಳು. ಒಳಗೆ ಅವಳ ಅಮ್ಮ ಸರಸಕ್ಕ ಅತಿಥಿಗಳಿಗೆಂದು ತಿಂಡಿ ಮಾಡುತ್ತಿದ್ದರು. ಅಂಗಳದಲ್ಲಿ ಭುಜಂಗನನ್ನು ಕಂಡಾಗ ಚಂಪಾಳ ಕಣ್ಣು ತುಂಬಿತು. ಬೈಯಲು ಬಂದಿದ್ದಾರೆ, ಬೈಯಲಿ.

ಅವನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು. "ತಪ್ಪು ನನ್ನದು. ಎರಡನೇ ಚೆಂಡಿನಲ್ಲಿ ಲೆಕ್ಕ ತಪ್ಪಿತ್ತು. ಹೇಳಲಿಕ್ಕೆ ಧೈರ್ಯ ಬರಲಿಲ್ಲ..."

"ಸ್ವಲ್ಪ ಹೆಚ್ಚುಕಡಿಮೆ ಆದರೆ ಅದು ಸುಡುವುದಿಲ್ಲ. ಸುಟ್ಟವನು ನಾನು. ಸ್ಪೀಕರಿನ ವಯರು ಜೋಡಿಸಲಿಲ್ಲ. ನೀವು ಬೊಂಬಾಯಿ ಅಂದಿರಲ್ಲ... ಆಮೇಲೆ ನನಗೆ ಏನೂ ಕಾಣಲಿಲ್ಲ."

ಚಂಪಾ ಅವನನ್ನೇ ನೋಡಿದಳು. "ಒಳ್ಳೆಯದಾಯಿತು ಅಂದವರು ಯಾರು ಹಾಗಾದರೆ?"

"ಸುಳ್ಳು ಹೇಳಿದೆ."

"ನಿಜ ಹೇಳಿ."

"ನೀವು ಹೋಗುವುದು ಬೇಡ ಚಂಪಾ. ನನಗೆ ನೀವು ಬೇಕು. ನನ್ನನ್ನು ಮದುವೆಯಾಗಿ."

ಇಷ್ಟು ಹೇಳುವಾಗ ಅವನ ಮುಖವೆಲ್ಲ ಬೆವರಿತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಯಾರದು ಚಂಪಾ?" ಸರಸಕ್ಕ ಕೈ ಒರೆಸುತ್ತಾ ಹೊರಗೆ ಬಂದರು.

ಚಂಪಾ ಎದ್ದು ನಿಂತಳು. "ಅಮ್ಮಾ, ಇವರು ಭುಜಂಗ. ನನಗೆ ಬೊಂಬಾಯಿ ಬೇಡ. ಇವರನ್ನೇ ಮದುವೆಯಾಗುವುದು ನಾನು."

ಸರಸಕ್ಕ ಇಬ್ಬರ ಮುಖವನ್ನೂ ನೋಡಿದರು. "ಈಗ ಹೇಳುವುದಾ ನೀನು? ಅವರು ನಾಲ್ಕಕ್ಕೆ ಬರುತ್ತಾರೆ. ಅವರ ಹತ್ತಿರ ಎಂತ ಹೇಳಲಿ ನಾನು?"

"ನಾನೇ ಹೇಳುತ್ತೇನೆ ಅಮ್ಮಾ."

"ನಾನೂ ಇರುತ್ತೇನೆ," ಎಂದ ಭುಜಂಗ.

"ಇರುವುದಾದರೆ ಬಿಸಿಲಲ್ಲಿ ಯಾಕೆ ನಿಂತಿದ್ದೀ? ಜಗಲಿಗೆ ಬಾ," ಎಂದು ಸಿಡುಕಿ ಅವರು ಒಳಗೆ ಹೋದರು. ಒಲೆಯ ಮೇಲೆ ತಿಂಡಿ ಸೀಯುತ್ತಿತ್ತು.

ಭುಜಂಗ ಜಗಲಿಯ ತುದಿಯಲ್ಲಿ ಕುಳಿತ.

"ಇವತ್ತು ಮಣಿಪಾಲಕ್ಕೆ ಹೋಗಬೇಕಿತ್ತಲ್ಲ ನೀವು?"

"ಜಲಾಲ್ ಹೋಗಿದ್ದಾನೆ. ಚಿತ್ರ ಉಂಟಲ್ಲ, ಶಬ್ದ ಬಾಯಲ್ಲೇ ಮಾಡಿ ತೋರಿಸುತ್ತಾನಂತೆ."

ಚಂಪಾ ಜೋರಾಗಿ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ. ಮತ್ತೆ ಮೆಲ್ಲಗೆ ಕೇಳಿದಳು. "ನಾಲ್ಕು ಗಂಟೆಗೆ ಅವರೆಲ್ಲ ಬರುತ್ತಾರೆ. ಹೆದರಿಕೆ ಆಗುತ್ತದಾ ನಿಮಗೆ?"

"ಆಗುತ್ತದೆ."

"ನನಗೂ," ಎಂದು ಅವಳು ಅವನ ಪಕ್ಕದಲ್ಲೇ ಬಂದು ಕುಳಿತಳು.